ದ್ರೌಪದಿ ಸಿಂಗಣ್ಣನ ಉಯಿಲು

ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯ ಮುಚ್ಚಳ ಎತ್ತಿದ್ದೇ ತಡ, ಭೂಪತಿಗೆ ಅಜ್ಜಿಯ ಮಡಿಲಿನ ವಾಸನೆ ಬಂತು. ಹಳೆಯ ಕರ್ಪೂರ, ಕಮಟಿದ ಕೊಬ್ಬರಿ ಎಣ್ಣೆ, ಜೊತೆಗೆ ವೇಷಗಾರರು ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಅರದಾಳದ ಒಣ ಘಾಟು. ಉಡುಮಲೈಪೇಟೆಯ ಮಗ್ಗದ ಮನೆಯಲ್ಲಿ ಅಜ್ಜಿ ಈ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಇಡುತ್ತಿದ್ದಳು. ಆ ದಿನ ಮೊಮ್ಮಗನಿಗೆ ಕತೆ, ಜೊತೆಗೆ ಬೆಲ್ಲದ ಚೂರು. ಈಗ ಐವತ್ತು ದಾಟಿದ ಭೂಪತಿ ಏಣಿಯ ತುದಿಯಲ್ಲಿ ನಿಂತು, ಕಣ್ಣು ಮುಚ್ಚಿ, ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡ.

ಏಣಿಯ ಮೇಲೆ ನಿಂತವರು ಕಣ್ಣು ಮುಚ್ಚಬಾರದು.

"ಏನುಂಗ, ಮುರುಕು ಒತ್ತೋ ಒರಳು ಸಿಕ್ತಾ?" ಎಂದು ಕೆಳಗಿನಿಂದ ಹೆಂಡತಿ ವಿಜಯಕುಮಾರಿ ಕೇಳುವುದಕ್ಕೂ ಏಣಿ ಜಾರುವುದಕ್ಕೂ ಸರಿಹೋಯಿತು. ದೇವರ ದಯೆ, ಅವನು ನೆಲಕ್ಕೆ ಬೀಳಲಿಲ್ಲ. ನೀರಿನ ಡ್ರಮ್ಮಿನ ಮೇಲೆ ಬಿದ್ದ. ಡ್ರಮ್ಮು ಮಾತ್ರ ಅದನ್ನು ದಯೆಯೆಂದು ತಿಳಿಯಲಿಲ್ಲ. ತನ್ನ ಅಡಿಗಿದ್ದ ಮರದ ಹಲಗೆಯಿಂದ ಜಾರಿ ಮಗುಚಿ, ಕಷ್ಟಪಟ್ಟು ಹಿಡಿದಿಟ್ಟ ಕೊಳಾಯಿ ನೀರನ್ನೆಲ್ಲ ಮನೆಗೆ, ಅಲ್ಲಿಂದ ಪಕ್ಕದ ಮನೆಗೆ ಕಳಿಸಿತು. ಭೂಪತಿಯ ಅಂಗಿಯ ಜೇಬಿನಲ್ಲಿದ್ದ ಫೋನು ಸ್ನಾನ ಮಾಡಿ ಕಣ್ಣು ಮುಚ್ಚಿತು. ಹಲಗೆ ಉರುಳಿ ಬಂದು ಅವನ ಕಾಲಿನ ಹೆಬ್ಬೆರಳಿಗೇ ಬಡಿಯಿತು. ಅದು ಕರ್ರಗಿನ, ಗಿಡ್ಡ ಕಾಲಿನ ಹಲಗೆ. ಅಜ್ಜಿಯ ಕಾಲದಿಂದ ಆ ಮನೆತನದಲ್ಲಿ ಅದಕ್ಕೆ ಎಡವದ ಹೆಬ್ಬೆರಳಿಲ್ಲ. ಅದರ ಮೂಲೆಯ ಗುಬುಟುಗಳಿಗೆ ಸಿಕ್ಕಿ ಹರಿಯದ ಸೆರಗಿಲ್ಲ.

"ಈ ದರಿದ್ರ ಪಲಗೆ!" ಎಂದು ಭೂಪತಿ ಅದನ್ನು ಒದೆದ. ಇನ್ನೊಂದು ಹೆಬ್ಬೆರಳಿಗೂ ಪೆಟ್ಟಾಯಿತು.

ಕೊಯಮತ್ತೂರಿನ ಆ ಬೀದಿಯಲ್ಲಿ ಪೆರಿಯನಾಯಕಿಯವರ ಲೈನ್ ಮನೆಗಳೆಂದರೆ ಒಂದೇ ಸೂರಿನಡಿ ಸಾಲಾಗಿ ಐದು ಬಾಗಿಲು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಐದು ಮನೆಯವರು ಸೀನಬೇಕು. ಹಾಗಿರುವಾಗ ಡ್ರಮ್ಮು ಮಗುಚಿದರೆ ಬಿಟ್ಟಾರೆಯೇ? ಪಕ್ಕದ ಮನೆಯ ಪಂಕಜಂ ಸೀರೆ ಎತ್ತಿ ಕಟ್ಟಿಕೊಂಡು ಬಂದೇಬಿಟ್ಟಳು.

"ಏನ್ ಭೂಪತಿ, ನಮ್ಮನೆ ಒಳಕ್ಕೆ ಅಮರಾವತಿ ಡ್ಯಾಮೇ ತೆರೆದುಬಿಟ್ಟಿದ್ದೀಯಲ್ಲಪ್ಪ! ನನ್ನ ಅಕ್ಕಿ ಮೂಟೆ ಈಜ್ತಾ ಇದೆ. ಅಯ್ಯೋ... ಕಾಲಿಗೆ ಪೆಟ್ಟಾಯ್ತಾ? ಇರು, ಅರಿಶಿನ ತರ್ತೀನಿ."

ಬೈಯಲು ಬಂದವಳು ಅರಿಶಿನ ತರಲು ತಿರುಗಿದಳು. ಅಷ್ಟರಲ್ಲಿ ಪೆಟ್ಟಿಗೆಯಿಂದ ಉರುಳಿ ನೀರಿನಲ್ಲಿ ತೇಲಿಹೋಗುತ್ತಿದ್ದ ಕೆಂಪು ಬಟ್ಟೆಯ ಸುರುಳಿಯೊಂದು ಅವಳ ಕಾಲಿಗೆ ತಾಕಿತು. ಎತ್ತಿ ಬಿಚ್ಚಿದಳು. ಒಳಗೆ ಇನ್ನೂ ನೆನೆಯದ ದಪ್ಪ ಕಾಗದ, ಅದರ ತುಂಬ ಗುಂಡಗಿನ ಅಕ್ಷರ.

"ಅಡ, ಇದು ನಮ್ಮ ಕನ್ನಡ ಅಕ್ಷರ ಅಲ್ವಾ!"

ಭೂಪತಿ ಕುಂಟುತ್ತ ಎದ್ದು ಬಂದ. ಅದು ಸಿಂಗಣ್ಣನ ಉಯಿಲು.

ದ್ರೌಪದಿ ಸಿಂಗಣ್ಣನೆಂದರೆ ನೂರಿಪ್ಪತ್ತು, ನೂರಮೂವತ್ತು ವರ್ಷದ ಹಿಂದೆ ಈ ಸೀಮೆಯ ನೇಕಾರರ ಕೇರಿಗಳಲ್ಲೆಲ್ಲ ಹೆಸರಾಗಿದ್ದವನು. ಅವನು ಹೆಣ್ಣುವೇಷ ಕಟ್ಟಿ ಸಭೆಯಲ್ಲಿ ನಿಂತರೆ ಹೆಂಗಸರೇ ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರಂತೆ. ದುಶ್ಶಾಸನ ಸೀರೆಗೆ ಕೈ ಹಾಕಿದಾಗ ಸಿಂಗಣ್ಣ ಎರಡೂ ಕೈ ಎತ್ತಿ "ಅಣ್ಣಾ, ಕೃಷ್ಣಾ" ಎಂದು ಕೂಗಿದರೆ, ಕೆಳಗೆ ಕೂತಿದ್ದ ಹೆಂಗಸರಿಗೆ ಕೃಷ್ಣ ಬರುವ ತನಕ ಕಾಯುವ ತಾಳ್ಮೆ ಇರುತ್ತಿರಲಿಲ್ಲ. ಮಗ್ಗದಿಂದ ಆಗತಾನೆ ಇಳಿಸಿದ ಸೀರೆಗಳನ್ನು ಮಡಿಕೆ ಸಮೇತ ರಂಗದ ಮೇಲೆ ಎಸೆಯುತ್ತಿದ್ದರು. ಒಮ್ಮೆ ದುಶ್ಶಾಸನ ಸೀರೆಯ ರಾಶಿಯಡಿ ಸಿಕ್ಕಿ ಉಸಿರುಗಟ್ಟಿ, ಅವನನ್ನು ಹೊರಗೆಳೆಯಲು ಭೀಮನೇ ಗದೆ ಪಕ್ಕಕ್ಕಿಟ್ಟು ಓಡಿಬರಬೇಕಾಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಬೆಳಗಾದರೆ ಸಿಂಗಣ್ಣ ಆ ಸೀರೆಗಳನ್ನು ಹೊತ್ತು, ಉಡಲಿಲ್ಲದವರ ಬಾಗಿಲಲ್ಲಿ ಇಟ್ಟು, ಸದ್ದಿಲ್ಲದೆ ಹೊರಟುಬಿಡುತ್ತಿದ್ದನಂತೆ.

ಸಿಂಗಣ್ಣನಿಗೆ ಮಕ್ಕಳಿರಲಿಲ್ಲ. ಅವನ ತಂಗಿಯ ವಂಶದವಳು ಭೂಪತಿಯ ಅಜ್ಜಿ. "ಇದು ದೊಡ್ಡವರು ಸ್ವಂತ ಕೈಯಲ್ಲಿ ಬರೆದ ಉಯಿಲು, ನನ್ನ ಕಣ್ಣೇ. ಓದೋರು ಸಿಕ್ಕಿದಾಗ ಓದಿಸು" ಎಂದಿದ್ದಳು. ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಿದ್ದರು. ಕಲಿತದ್ದೆಲ್ಲ ತಮಿಳು ಶಾಲೆಯಲ್ಲಿ. ಓದುವವರು ಯಾರೂ ಸಿಗಲಿಲ್ಲ. ಆಮೇಲೆ ಹುಡುಕುವುದೇ ಮರೆತುಹೋಯಿತು.

"ನಾನು ಓದ್ತೀನಿ," ಎಂದಳು ಪಂಕಜಂ. "ಕೊಳ್ಳೇಗಾಲದಲ್ಲಿ ಅತ್ತೆ ಮನೇಲಿದ್ದು ಎರಡನೇ ಕ್ಲಾಸು ಮುಗಿಸಿದೋಳು. ಅಲ್ಲೇ ಬಿಟ್ಟಿದ್ರೆ ಕಲೆಕ್ಟರ್ ಆಗ್ತಿದ್ದೆ."

ಕನ್ನಡಕವನ್ನು ಸೆರಗಿನಲ್ಲಿ ಒರೆಸಿಕೊಂಡು, ಕಾಗದವನ್ನು ಮೂಗಿಗೆ ಹಿಡಿದು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಒಂದೊಂದೇ ಅಕ್ಷರ ಹೆಕ್ಕಿದಳು. "ನ... ನ್ನ... ತೇ... ಗ... ದ... ಮ..." ಎಂದು ನಿಂತಳು. "ಇದು ಯಾವ ನಾ? ಎರಡು ಸುಳಿದಾ, ಮೂರು ಸುಳಿದಾ?"

ಭೂಪತಿಯ ಅಂಗೈ ಚುರುಕೆಂದಿತು. ತಮಿಳು ಶಾಲೆಯಲ್ಲಿ ಎರಡು ಸುಳಿಯ ‘ನ’ ಬರೆಯಬೇಕಾದಲ್ಲಿ ಮೂರು ಸುಳಿಯ ‘ಣ’ ಬರೆದು ಅವನು ತಿಂದ ಏಟಿಗೆ ಲೆಕ್ಕವಿಲ್ಲ. ಬಾಯಲ್ಲಿ ಹೇಳುವಾಗ ಆ ಕೇರಿಯಲ್ಲಿ ಯಾರಿಗೂ ಎರಡಕ್ಕೂ ಭೇದವಿಲ್ಲ.

"ಯಾವ ಸುಳಿಯಾದ್ರೇನಕ್ಕ? ಮುಂದಕ್ಕೆ ಓದು!"

"ಹಾಗಾದ್ರೆ... ಮನೆ! ನನ್ನ ತೇಗದ ಮನೆ! ನಾಲ್ಕು ಕಾಲು... ಮೂಲೆಗೆ ಹಿತ್ತಾಳೆ ಹೂವು... ನನ್ನ ತಂಗಿಯ ಮಕ್ಕಳಿಗೆ! ಮಿಕ್ಕಿದ್ದು ಕೋಳಿ ಕೆದರಿದ ಹಾಗಿದೆ, ನನ್ನ ಕನ್ನಡಕಕ್ಕೆ ಎಟುಕಲ್ಲ."

ಮಿಕ್ಕಿದ್ದು ಯಾರಿಗೆ ಬೇಕಿತ್ತು? ವಿಜಯಕುಮಾರಿ ಒದ್ದೆ ನೆಲದ ಮೇಲೇ ಕೂತುಬಿಟ್ಟಳು. ಮದುವೆಯಾದಾಗಿನಿಂದ ಅವಳು ಕೇಳಿದ್ದು ಒಂದೇ: ಗೋಡೆಗೆ ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲದ ಒಂದು ಮನೆ. ಆರ್.ಎಸ್. ಪುರಂನ ಸೀರೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಡಿಸಿ ತೋರಿಸುವ ಭೂಪತಿ ದುಶ್ಶಾಸನನಿಗಿಂತ ಹೆಚ್ಚು ಸೀರೆ ಎಳೆದಿದ್ದ. ಮನೆ ಮಾತ್ರ ಎಳೆತಕ್ಕೆ ಬಂದಿರಲಿಲ್ಲ.

ಸುದ್ದಿ ಮೊದಲನೆಯ ಬಾಗಿಲಿನ ಕುಮರೇಶನ್ ಕಿವಿಗೆ ಬಿತ್ತು. ಅವನು ಮನೆ ಬ್ರೋಕರ್. ಆ ಊರಿನ ಯಾವ ಮನೆಯ ಯಾವ ಗೋಡೆಯಲ್ಲಿ ಬಿರುಕಿದೆ ಎಂದು ಆ ಮನೆಯವರಿಗಿಂತ ಮೊದಲು ಅವನಿಗೆ ಗೊತ್ತು. ಬಾಯಲ್ಲಿ ಇಡ್ಲಿ ಇಟ್ಟುಕೊಂಡೇ ಬಂದ.

"ಅಣ್ಣಾ, ತಮಿಳಲ್ಲಿ ಮನೈ ಅಂದ್ರೆ ಜಾಗ. ಕನ್ನಡದಲ್ಲಿ ಮನೆ ಅಂದ್ರೆ ಕಟ್ಟಡ. ನಿಮ್ಮ ತಾತ ಬುದ್ಧಿವಂತರು, ಒಂದೇ ಮಾತಲ್ಲಿ ಎರಡನ್ನೂ ಬರೆದುಬಿಟ್ಟಿದ್ದಾರೆ! ನಾಲ್ಕು ಕಾಲು ಅಂದ್ರೆ ನಾಲ್ಕು ಕಂಬ. ದೇವಸ್ಥಾನದಲ್ಲಿ ನಾಲ್ಕು ಕಾಲು ಮಂಟಪ ಅನ್ನಲ್ವಾ? ತೇಗದ ಬಾಗಿಲು, ಹಿತ್ತಾಳೆ ಹೂವು..." ಅವನ ಕಣ್ಣುಗಳು ಅಗಲವಾದವು. "ಅಣ್ಣಾ! ಆರ್.ಎಸ್. ಪುರಂ! ಬೇವಿನ ಮರದ ಮನೆ! ಮುಂದೆ ನಾಲ್ಕು ಕಂಬ, ಮಾಳಿಗೆ ಮೇಲೆ ಸೀರೆ ಉಟ್ಟ ಹೆಂಗಸಿನ ಗಾರೆ ಬೊಂಬೆ! ಅದು ಯಾರು ಹೇಳಿ?"

"ದ್ರೌಪದಿ," ಎಂದ ಭೂಪತಿ. ಅವನು ದಿನಾ ಆ ಮನೆಯ ಮುಂದೆಯೇ ಬುತ್ತಿ ಹಿಡಿದು ನಡೆದುಹೋಗುತ್ತಿದ್ದ.

ಅಷ್ಟರಲ್ಲಿ ನೀರು ಅಂಗಳಕ್ಕೂ ಹರಿದಿತ್ತು. ಮನೆಯೊಡತಿ ಪೆರಿಯನಾಯಕಿ ಪೊರಕೆ ಹಿಡಿದು ಬಂದರು. ಕೆಂಪು ಕಲ್ಲಿನ ಮೂಗುತಿ, ಅಳೆದಷ್ಟೇ ಮಾತು. ಬಾಡಿಗೆದಾರರಿಗೆಲ್ಲ ಅವರು ಪೆರಿಯಕ್ಕ.

"ಮೆಲ್ಲಗೆ ಸಾಮಿ. ನೀರಿಗೆ ಕಷ್ಟ ಅಂತ ಗೊತ್ತಲ್ಲ," ಎಂದರು. "ಆ ಹೊಸ ಜೋಡಿ ಬೆಳಗ್ಗೆ ಮತ್ತೆ ಫೋನ್ ಮಾಡಿತ್ತು, ನಿಮ್ಮನೆ ಬಾಡಿಗೆಗೆ ಬೇಕು ಅಂತ. ನಮ್ಮ ಭೂಪತಿ ಇದ್ದಾನೆ, ಇಲ್ಲಪ್ಪ ಅಂತ ಹೇಳಿದೆ."

ಇದು ಅವರ ಪ್ರೀತಿಯ ಮಾತು. ಬೇರೆ ದಿನವಾಗಿದ್ದರೆ ಭೂಪತಿ ಕೈ ಮುಗಿಯುತ್ತಿದ್ದ. ಆದರೆ ಆ ಗಳಿಗೆಯಲ್ಲಿ ಅವನು ನಾಲ್ಕು ಕಂಬದ ಮನೆಯ ಯಜಮಾನ. ಸೊಂಟಕ್ಕೆ ಕೈ ಕೊಟ್ಟು ನಿಂತ.

"ಕೊಟ್ಟುಬಿಡಿ ಪೆರಿಯಕ್ಕ! ಆ ಜೋಡಿಗೇ ಕೊಟ್ಟುಬಿಡಿ. ನಾವು ನಮ್ಮ ಸ್ವಂತ ಮನೆಗೆ ಹೋಗ್ತೀವಿ."

"ಏನುಂಗ..." ಎಂದು ವಿಜಯಕುಮಾರಿ ಅಂಗಿ ಜಗ್ಗಿದಳು. ಯಜಮಾನರ ಅಂಗಿ ಜಗ್ಗಿದರೆ ನಿಲ್ಲುತ್ತಾರೆಯೇ? ಏನಾದರೂ ದಾನ ಮಾಡಬೇಕೆನಿಸಿ ಅವನು ಸುತ್ತಲೂ ನೋಡಿದ. ಹೆಬ್ಬೆರಳು ಮಿಡಿಯಿತು. ಹಲಗೆ ಕಣ್ಣಿಗೆ ಬಿತ್ತು.

"ಇದನ್ನೂ ನೀವೇ ಇಟ್ಕೊಳ್ಳಿ. ನಿಮ್ಮ ನೀರೊಲೆಗೆ ಒಂದು ದಿನಕ್ಕೆ ಆಗುತ್ತೆ."

ಪೆರಿಯನಾಯಕಿ ಅವನ ಮುಖವನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿದರು. "ಸರಿ ಸಾಮಿ," ಎಂದು ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದರು.

ಕುಮರೇಶನ್ ಸ್ಕೂಟರು ಹೊರತೆಗೆದ. ಇರುವ ಒಂದೇ ಹೆಲ್ಮೆಟ್ಟನ್ನು ಭೂಪತಿಯ ತಲೆಗೆ ಹಾಕಿ, "ನಿಮ್ಮ ತಲೆ ಈಗ ಬೆಲೆಬಾಳುತ್ತೆ ಅಣ್ಣಾ" ಎಂದ. ಉಕ್ಕಡಂ ದಾಟಿ ಆರ್.ಎಸ್. ಪುರಂ ಸೇರುವ ತನಕ ಹಿಂದಿನ ಸೀಟಿನಲ್ಲಿ ಭೂಪತಿ ಮನೆಗೆ ಬಣ್ಣ ಹೊಡೆಸಿದ, ಬೇವಿನ ಮರಕ್ಕೆ ಕಟ್ಟೆ ಕಟ್ಟಿಸಿದ, ಮಾಳಿಗೆಯ ಮೇಲೆ ವಿಜಯಕುಮಾರಿಗೆ ಹಪ್ಪಳ ಒಣಗಿಸಲು ಜಾಗ ಗುರುತು ಮಾಡಿದ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ನೆನಪಾಗಲಿಲ್ಲ.

ನಾಲ್ಕು ಕಂಬದ ಮನೆಯ ಬಾಗಿಲು ತೆರೆದವರು ನಲವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ. ಕುಮರೇಶನ್ ಗಂಟಲು ಸರಿಮಾಡಿಕೊಂಡು, ಈ ಮನೆ ಅಸಲಿಗೆ ಇವರದು, ನೂರು ವರ್ಷದ ಕೆಳಗೇ ಬರೆದಿಟ್ಟಿದೆ, ಮುಂದಿನ ಮಾತು ಕೂತು ಆಡೋಣ ಎಂದು ತಮಿಳಿನಲ್ಲಿ ಒಂದೇ ಉಸಿರಿಗೆ ಹೇಳಿದ.

ಆಕೆ ಇಬ್ಬರನ್ನೂ ನೋಡಿ, "ಇದೇನಪ್ಪಾ ಗ್ರಹಚಾರ, ಭಾನುವಾರಾನೂ ನೆಮ್ಮದಿ ಇಲ್ಲ," ಎಂದು ತಮಗೆ ತಾವೇ ಗೊಣಗಿಕೊಂಡರು.

ಭೂಪತಿ ಹೆಲ್ಮೆಟ್ಟಿನೊಳಗಿಂದಲೇ ಕೂಗಿದ. "ಅಮ್ಮಾ, ನೀವು ಕನ್ನಡದೋರಾ?"

ಆಕೆಯ ಮುಖ ಅರಳಿತು. ಹೆಸರು ಸುಮಂಗಲಾ, ಚಿತ್ರದುರ್ಗದ ಕಡೆಯವರು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಈ ಮನೆಯಲ್ಲಿ ಬಾಡಿಗೆಗಿದ್ದಾರೆ. ತರಕಾರಿಯವರೊಂದಿಗೆ ಕೈಸನ್ನೆಯಲ್ಲೇ ಮಾತಾಡಿ ಸೋತಿದ್ದ ಅವರಿಗೆ, ಮನೆ ಕಸಿಯಲು ಬಂದವರಾದರೂ ಕನ್ನಡದಲ್ಲಿ ಕಸಿಯಲು ಬಂದದ್ದು ಸಮಾಧಾನವೆನಿಸಿರಬೇಕು. "ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಕೂತ್ಕೊಳ್ಳಿ," ಎಂದು ಮಜ್ಜಿಗೆ ತಂದುಕೊಟ್ಟರು. ಮನೆ ಈಗಿನ ಓನರಿನ ಅಪ್ಪ ಕಟ್ಟಿಸಿದ್ದೆಂದೂ, ಮಾಳಿಗೆಯ ಮೇಲಿರುವುದು ದ್ರೌಪದಿಯಲ್ಲ, ಕೈ ಮುರಿದುಹೋದ ಲಕ್ಷ್ಮಿಯೆಂದೂ ಮೆಲ್ಲಗೆ ಹೇಳಿದರು. ಆಮೇಲೆ ಕಾಗದ ಇಸಿದುಕೊಂಡರು.

ಮೊದಲ ಸಾಲಿಗೇ ಅವರ ಹುಬ್ಬು ಏರಿತು.

"ಅಣ್ಣಾವ್ರೇ, ಇದು ಮನೆ ಅಲ್ಲ. ಮಣೆ."

"ಅದೇ ಅಮ್ಮಾ, ಮನೆ."

"ಅಲ್ಲ, ಮ... ಣೆ. ಊಟಕ್ಕೆ ಕೂತ್ಕೊಳ್ಳೋ ಮಣೆ. ಮರದ್ದು, ಗಿಡ್ಡ ಕಾಲಿಂದು."

"ಪಲಗೆ?" ಎಂದ ಭೂಪತಿ. ಮೂರು ಸುಳಿ, ಎಂದುಕೊಂಡ. ತಮಿಳು ಶಾಲೆಯ ವಾದ್ಯಾರು ಅಷ್ಟು ಹೊಡೆದದ್ದು ಇದಕ್ಕೇ ಇರಬೇಕು.

ಸುಮಂಗಲಾ ಓದತೊಡಗಿದರು. ಓದುತ್ತ ಓದುತ್ತ ಅವರ ದನಿ ಬದಲಾಯಿತು.

"ದೇವಾಂಗ ಕುಲದ ಸಿಂಗಣ್ಣನು ಸ್ವಸ್ಥ ಬುದ್ಧಿಯಿಂದ ಸ್ವಹಸ್ತದಲ್ಲಿ ಬರೆದಿಟ್ಟ ಉಯಿಲು. ಜನರು ನನ್ನ ಮೇಲೆ ಎಸೆದ ಸೀರೆಗಳನ್ನು ಇಲ್ಲದವರಿಗೆ ಕೊಟ್ಟಾಗಿದೆ. ಒಡವೆಗಳೆಲ್ಲ ಗಿಲೀಟು, ಅವುಗಳಿಗಾಗಿ ಯಾರೂ ಜಗಳವಾಡತಕ್ಕದ್ದಲ್ಲ. ಉಳಿದದ್ದು ನನ್ನ ತೇಗದ ಮಣೆ. ನಾಲ್ಕು ಕಾಲು, ಮೂಲೆಗೆ ಹಿತ್ತಾಳೆ ಹೂವು. ನಾನು ಹುಡುಗನಾಗಿ ಹಸಿದು ಬೀದಿ ತಿರುಗುತ್ತಿದ್ದಾಗ ಒಬ್ಬ ತಾಯಿ ನನ್ನ ಹೆಸರು ಸಹ ಕೇಳದೆ ಇದರ ಮೇಲೆ ಕೂರಿಸಿ ಅನ್ನ ಬಡಿಸಿದಳು. ಮುಂದೆ ಇದನ್ನೂ ನನಗೇ ಕೊಟ್ಟಳು. ಇದರ ಮೇಲೆ ಕೂತೇ ಮುಖಕ್ಕೆ ಬಣ್ಣ ಹಚ್ಚಿದೆನು. ರಂಗದಲ್ಲಿ ನಾನು ಕೈ ಎತ್ತಿ ಕೂಗಿದಾಗಲೆಲ್ಲ ನನ್ನ ಮನಸ್ಸಿಗೆ ಬಂದವಳು ಆ ತಾಯಿ. ಈ ಮಣೆಯು ನನ್ನ ತಂಗಿಯ ಮಕ್ಕಳಿಗೆ. ಹಸಿದು ಬಾಗಿಲಿಗೆ ಬಂದವರನ್ನು ಇದರ ಮೇಲೆ ಕೂರಿಸಿ ಬಡಿಸತಕ್ಕದ್ದು. ಅವರು ಬೇಡವೆಂದು ಕೊಟ್ಟುಬಿಟ್ಟ ಪಕ್ಷದಲ್ಲಿ, ಯಾರು ಇದನ್ನು ಇಟ್ಟುಕೊಂಡು ಬಡಿಸುವರೋ ಅವರೇ ನನ್ನ ವಾರಸುದಾರರು. ಕೊಟ್ಟವರು ತಿರುಗಿ ಕೇಳತಕ್ಕದ್ದಲ್ಲ."

ಸುಮಂಗಲಾ ಕಣ್ಣೊರೆಸಿಕೊಂಡರು.

"ಎಂಥಾ ದೊಡ್ಡ ಮನುಷ್ಯ! ಆ ಮಣೆ ಈಗ ಎಲ್ಲಿದೆ? ಒಂದ್ಸಲ ಮುಟ್ಟಿ ಕಣ್ಣಿಗೆ ಒತ್ಕೊಬೇಕು ನಾನು."

ಭೂಪತಿ ಕುಮರೇಶನ್ ಮುಖ ನೋಡಿದ. ಕುಮರೇಶನ್ ಮಜ್ಜಿಗೆಯ ಲೋಟ ನೋಡಿದ.

"ನೀರೊಲೇಲಿ," ಎಂದ ಭೂಪತಿ.

ಮರುಗಳಿಗೆ ಕುಮರೇಶನ್ ಫೋನಿನಿಂದ ಪಂಕಜಂಗೆ ಕರೆ ಹೋಯಿತು. "ಅಕ್ಕಾ, ಪೆರಿಯಕ್ಕನ ನೀರೊಲೆ ನೋಡು! ಹೊಗೆ ಬರ್ತಿದೆಯಾ?"

"ಆಮಾ, ಹೌದು, ಆಗ್ಲಿಂದ ದಟ್ಟವಾಗಿ ಬರ್ತಿದೆ. ಯಾಕೆ?"

"ಆರಿಸು ಅಕ್ಕಾ! ನಮ್ಮ ತಾತ ಉರೀತಿದ್ದಾರೆ!" ಎಂದು ಭೂಪತಿ ಕಿರುಚಿದ.

ಹಿಂದಿರುಗುವ ದಾರಿಯಲ್ಲಿ ಭೂಪತಿಗೆ ಕಂಬವೂ ನೆನಪಾಗಲಿಲ್ಲ, ಬಣ್ಣವೂ ನೆನಪಾಗಲಿಲ್ಲ. ಅಷ್ಟು ಜನ ಸೀರೆ ಎಸೆದು ಮಾನ ಕಾಪಾಡಿದವನನ್ನು ತಾನು ಒಲೆಗೆ ಹಾಕಿದೆನಲ್ಲ ಎಂಬ ಒಂದೇ ಸಂಕಟ. ಅಜ್ಜಿ ಆ ಹಲಗೆಯನ್ನು ದಿನಾ ಸೆರಗಿನಲ್ಲಿ ಒರೆಸುತ್ತಿದ್ದದ್ದು ಈಗ ನೆನಪಿಗೆ ಬಂತು. ಮನೆಗೆ ಬಂದ ನೂಲಿನವರು, ಬಳೆಯವರು ಅದರ ಮೇಲೆಯೇ ಕೂತು ಉಣ್ಣುತ್ತಿದ್ದರು. ಅದರ ಮೇಲೆ ಡ್ರಮ್ಮು ಇಟ್ಟವನು ತಾನೇ.

ಲೈನ್ ಮನೆಯ ಹಿತ್ತಲಿನಲ್ಲಿ ಪಂಕಜಂ ಖಾಲಿ ಕೊಡ ಹಿಡಿದು ಯುದ್ಧ ಗೆದ್ದವಳಂತೆ ನಿಂತಿದ್ದಳು. ನೀರೊಲೆ ಬುಸುಗುಟ್ಟುತ್ತಿತ್ತು. ಪಕ್ಕದಲ್ಲಿ ಪೆರಿಯನಾಯಕಿ ತಲೆಯಿಂದ ಕಾಲಿನವರೆಗೆ ಬೂದಿ ನೀರು ಇಳಿಸಿಕೊಂಡು ನಿಂತಿದ್ದರು. ಒಂದೇ ದಿನ ಎರಡನೆಯ ಸಲ ಅವರ ಮನೆಗೆ ಭೂಪತಿಯಿಂದ ನೀರು ಬಂದಿತ್ತು.

ಭೂಪತಿ ಹೆಲ್ಮೆಟ್ಟಿನ ಸಮೇತ ಒಲೆಯೊಳಗೆ ತಲೆ ತೂರಿಸಿ, ಕೈಹಾಕಿ ಕೆದಕಿದ. ಸಿಕ್ಕಿದ್ದು ಅರೆಬೆಂದ ತೆಂಗಿನ ಮಟ್ಟೆ.

"ಏನು ಹುಡುಕ್ತಿದ್ದೀಯ ಸಾಮಿ?" ಎಂದರು ಪೆರಿಯನಾಯಕಿ.

"ಪಲಗೆ... ನಾನು ಬೆಳಗ್ಗೆ ಕೊಟ್ಟ ಪಲಗೆ..."

"ಒಳ್ಳೆ ತೇಗದ ಮರ ಯಾರಾದ್ರೂ ಒಲೆಗೆ ಹಾಕ್ತಾರಾ?"

ಅವರು ಜಗುಲಿಯ ಕಡೆ ಕೈ ತೋರಿಸಿದರು. ಹಲಗೆ ಅಲ್ಲಿ ಬಿಸಿಲಿಗೆ ಒಣಗುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಇಷ್ಟು ವರ್ಷ ಗುಬುಟುಗಳೆಂದುಕೊಂಡಿದ್ದವು ಹಿತ್ತಾಳೆಯ ಹೂವುಗಳಾಗಿ ನಾಲ್ಕೂ ಮೂಲೆಯಲ್ಲಿ ಹೊಳೆಯುತ್ತಿದ್ದವು.

ಹಲಗೆ ತಿರುಗಿ ಕೊಡಿ ಎಂಬ ಮಾತು ಭೂಪತಿಯ ನಾಲಿಗೆಯ ತುದಿಗೆ ಬಂತು. ಉಯಿಲಿನ ಸಾಲು ನೆನಪಾಯಿತು: ‘ಕೊಟ್ಟವರು ತಿರುಗಿ ಕೇಳತಕ್ಕದ್ದಲ್ಲ.’ ಮಾತನ್ನು ನುಂಗಿಕೊಂಡು ಇನ್ನೊಂದನ್ನು ಎತ್ತಿದ.

"ಪೆರಿಯಕ್ಕ, ಮನೆ... ಬೆಳಗ್ಗೆ ಏನೋ ಬಾಯಿಗೆ ಬಂದದ್ದು ಅಂದುಬಿಟ್ಟೆ. ನಾವು ಎಲ್ಲಿಗೂ ಹೋಗ್ತಿಲ್ಲ."

ಪೆರಿಯನಾಯಕಿಯ ಮುಖ ಬಾಡಿತು. "ನೀನು ಹೇಳಿದ್ಮೇಲೆ ಆ ಜೋಡಿನ ಕರೆಸಿ ಮಾತು ಕೊಟ್ಟುಬಿಟ್ಟೆನಲ್ಲ ಸಾಮಿ. ಬರೋ ತಿಂಗಳು ಹಾಲು ಕಾಯಿಸಿ ಮನೆ ಸೇರೋಕೆ ದಿನಾನೂ ನೋಡಾಯ್ತು. ಆ ಹುಡುಗಿ ಅಡುಗೆಮನೇಲಿ ನಿಂತು ಅತ್ತುಬಿಟ್ಟಳು, ಸಂತೋಷಕ್ಕೆ. ಹೇಗೆ ಬೇಡ ಅನ್ಲಿ?"

ಬೇಡ ಅನ್ನಲಾಗದು, ಭೂಪತಿಗೂ ಗೊತ್ತಿತ್ತು. ಬಾಗಿಲಲ್ಲಿ ನಿಂತಿದ್ದ ವಿಜಯಕುಮಾರಿ ಅವನನ್ನು ಬೈಯಲಿಲ್ಲ. ಹತ್ತಿರ ಬಂದು ಹೆಲ್ಮೆಟ್ ತೆಗೆದು, ಸೆರಗಿನಿಂದ ಮುಖದ ಮಸಿ ಒರೆಸಿದಳು.

ಕುಮರೇಶನ್ ಮೆಲ್ಲಗೆ ಕೆಮ್ಮಿದ. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ನನ್ನ ಕೈಲಿ ಒಂದು ಬಾಡಿಗೆ ಮನೆ ಇದೆ. ಸ್ವಲ್ಪ ಚಿಕ್ಕದು. ಸ್ವಲ್ಪ ದೂರ. ಗೋಡೇಲಿ ಸ್ವಲ್ಪ ಬಿರುಕು. ನಿಮಗಾದ್ರಿಂದ ಕಮಿಷನ್ ಅರ್ಧ ಸಾಕು."

ಪಂಕಜಂ ಕೊಡದಿಂದ ಅವನ ಬೆನ್ನಿಗೆ ಒಂದು ಕೊಟ್ಟಳು.

ಪೆರಿಯನಾಯಕಿ ಒಳಗೆ ಹೋದರು. ಒದ್ದೆ ಸೀರೆ ಬದಲಿಸಿ ಬಂದು, ಜಗುಲಿಯ ನೆರಳಿನಲ್ಲಿ ಆ ಹಲಗೆಯನ್ನು ಇಟ್ಟು, ಅಂಗೈಯಿಂದ ಒಮ್ಮೆ ಸವರಿದರು. ಉಯಿಲಿನ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ.

"ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಹಾಕಿಲ್ಲ ನೀನು. ಮುಖ ನೋಡಿದ್ರೇ ಗೊತ್ತಾಗುತ್ತೆ," ಎಂದರು. "ಬಾ, ಮಣೆ ಮೇಲೆ ಕೂತ್ಕೊ."

ಮಣೆ. ತಮಿಳಿನಲ್ಲೂ ಇರುವ ಮಾತು ಅದು. ತೋಟದ ಮನೆಯಲ್ಲಿ ಹುಟ್ಟಿ ಹಳ್ಳಿಯ ಅಚ್ಚ ತಮಿಳು ಆಡುವ ಪೆರಿಯನಾಯಕಿಯ ಬಾಯಲ್ಲಿ ಅದು ಮೂರು ಸುಳಿಯೂ ಸ್ಪಷ್ಟವಾಗಿ ಬಂತು.

ಭೂಪತಿ ಎರಡು ಹೆಬ್ಬೆರಳನ್ನೂ ಜೋಪಾನ ಮಾಡಿಕೊಂಡು ಬಂದು, ಮಣೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕೂತ. ತೇಗದ ಮರದಿಂದ ಹುಣಸೆಯ ಹುಳಿಯ ಹಿಂದೆ ಎಲ್ಲೋ ಒಂದೆಳೆ ಅರದಾಳದ ಘಾಟು ಬಂದಂತಾಯಿತು. ಸಿಂಗಣ್ಣನ ವಾರಸುದಾರರು ಬಿಸಿ ಅನ್ನ, ಹುರುಳಿ ಸಾರು, ಅಂಚಿಗೆ ಒಂದು ಚೂರು ಬೆಲ್ಲ ಇಟ್ಟ ತಟ್ಟೆಯನ್ನು ಬಾಗಿ ಅವನ ಕೈಗೆ ಕೊಟ್ಟರು.